ಸದ್ದಿಲ್ಲದ ಕಾರಿನಲ್ಲಿ ಆಡಿದ ಮಾತು

ಅಪ್ಪ,

ನೀನು ಪಕ್ಕದ ಕೋಣೆಯಲ್ಲೇ ಇದ್ದೀಯ. ಎದ್ದು ಬಂದು ಹೇಳಬಹುದಿತ್ತು, ಆದರೆ ನಿನ್ನೆದುರು ನಿಂತರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ತುಂಬ ಹೆದರಿಕೆಯಾಗುತ್ತಿದೆ ಅಪ್ಪ.

ನಮ್ಮ ಅಂಗಡಿಯಲ್ಲಿ ಪೆಟ್ರೋಲ್ ಕಾರು ಮಾರುತ್ತಿದ್ದ ಕಾಲದಲ್ಲಿ, ಕಾರು ನೋಡಲು ಬಂದ ಗಿರಾಕಿಯನ್ನು ಹಿಂದಿನ ಸೀಟಿನಲ್ಲಿ ರಾಜನ ಹಾಗೆ ಕೂರಿಸಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನೀನೇ ಓಡಿಸುತ್ತಿದ್ದೆ. ಸೇತುವೆಯ ಏರು ಬಂದಾಗ ಇಂಜಿನ್ ಗೊರಗುಟ್ಟುತ್ತಿತ್ತು. ಆ ಗದ್ದಲದ ಮರೆಯಲ್ಲಿ, ತುಟಿ ಅಲ್ಲಾಡಿಸದೆ, ಬೆಲೆ ಎಷ್ಟು ಏರಿಸಬೇಕು ಅಂತ ನನಗೆ ಹೇಳುತ್ತಿದ್ದೆ. ಇಳಿದ ಮೇಲೆ ಮೇಜಿನ ಹತ್ತಿರ ಆ ಬೆಲೆ ಹೇಳುವುದು ನನ್ನ ಪಾಲಿನ ಕೆಲಸ. ಗಿರಾಕಿ ಸೀಟು ಸವರಿದರೆ ಅರ್ಧ ಗೆದ್ದ ಹಾಗೆ ಅಂತ ನೀನು ಅನ್ನುತ್ತಿದ್ದೆ. ನಿನ್ನ ಚಾಲಾಕಿಗೆ ನಾನೂ ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಮೇಲೆ ಎಲೆಕ್ಟ್ರಿಕ್ ಕಾರು ಬಂತು. ಕಂಪನಿ ಬೆಲೆಯನ್ನು ಎಲ್ಲರ ಫೋನಿಗೇ ಹಾಕಿತು. ಅದರ ಮೇಲೆ ಒಂದು ಕಾಸು ಹೆಚ್ಚಿಗೆ ತೆಗೆದುಕೊಂಡ ಡೀಲರನ್ನು ಕಿತ್ತುಹಾಕಿ, ಆ ಊರಿನವರಿಗೆ ತಾನೇ ನೇರವಾಗಿ ಮಾರುತ್ತೇನೆ ಅಂತ ಎಚ್ಚರಿಸಿತು. ನೀನು ಅದಕ್ಕೂ ದಾರಿ ಹುಡುಕಿದೆ. ಕಾಯುವವರ ಸಾಲು ಉದ್ದವಿದೆ, ಬೇಗ ಬೇಕಾದರೆ ಸ್ವಲ್ಪ ಮೇಲೆ ಕೊಡಬೇಕಾಗುತ್ತದೆ ಅಂತ ಗಿರಾಕಿಗಳಿಗೆ ಅನ್ನತೊಡಗಿದೆ.

ಹೋದ ವಾರ ಆ ನರ್ಸಮ್ಮ ಬಂದರು. ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಸಾಕಾಗಿ, ಕಾರು ಕೊಳ್ಳಲು ಹೊರಟವರು. ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು, ಸೇತುವೆಯ ಏರು ಬಂತು. ಹಳೇ ಚಾಳಿ ಬಿಡುತ್ತದೆಯೇ, ನೀನು ಪೆಡಲ್ ಒತ್ತಿ ನನಗೆ ಅಂದುಬಿಟ್ಟೆ: "ಮನಸೋತಾಗಿದೆ. ಚೆನ್ನಾಗೇ ಏರಿಸು, ಕೊಡ್ತಾಳೆ."

ಕಾರು ಉಸಿರೂ ಬಿಡಲಿಲ್ಲ. ನಿನ್ನ ಮಾತೊಂದೇ ಒಳಗೆಲ್ಲ ಕೇಳಿಸಿತು. ಆಕೆ ಬೈಯಲಿಲ್ಲ, ಇಳಿಯುವಾಗ ಬಾಗಿಲನ್ನೂ ಮೆತ್ತಗೇ ಹಾಕಿದರು. ಬೈದಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಮರುದಿನವೇ ಕಂಪನಿಗೆ ದೂರು ಹೋಯಿತು.

ನಾಳೆ ಕಂಪನಿಯವರು ಬರುತ್ತಾರೆ, ಆಕೆಯನ್ನೂ ಕರೆಸಿದ್ದಾರೆ. ಇವತ್ತು ಊಟಕ್ಕೆ ಕೂತಾಗ ನೀನು ತಟ್ಟೆ ನೋಡುತ್ತಲೇ ಹೇಳಿದೆ: "ನಮ್ಮಿಬ್ಬರ ದನಿ ಒಂದೇ, ಹಿಂದೆ ಕೂತವಳಿಗೆ ಯಾರಾಡಿದ್ದು ಅಂತ ಗೊತ್ತಾಗಿರಲ್ಲ. ಆ ಮಾತು ಆಡಿದ್ದು ನಾನು ಅಂತ ನೀನು ಒಪ್ಕೊ. ನಿನ್ನನ್ನ ಕೆಲಸದಿಂದ ತೆಗೆದ್ರೆ ಅಂಗಡಿ ಉಳಿಯುತ್ತೆ."

ದನಿ ಒಂದೇ, ನಿಜ. ಫೋನಿನಲ್ಲಿ ನಿನ್ನ ತಂಗಿ ಅತ್ತೆಯೇ ನನ್ನನ್ನು ನೀನೆಂದುಕೊಂಡು "ಅಣ್ಣಾ" ಅನ್ನುತ್ತಾಳೆ. ಆದರೆ ಹಾಗೆ ಒಪ್ಪಿಕೊಂಡ ಮೇಲೆ ಯಾವ ಕಾರು ಕಂಪನಿ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತದೆ? ನೇರ ಮಾರಾಟ ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಅಂಗಡಿ ಮುಚ್ಚುತ್ತದೆ, ಆಗ ಮನೆ ನಡೆಸಬೇಕಾದವನು ನಾನು. ನನಗೆ ಬರುವುದು ಇದೊಂದೇ ಕಸುಬು, ಅದೂ ನೀನು ಕಲಿಸಿದ್ದು.

ಎಲ್ಲಕ್ಕಿಂತ ಹೆಚ್ಚು ನಾನು ಹೆದರಿರುವುದು ನನಗೇ. ನೀನು ಕೇಳಿದ್ದಕ್ಕೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ನಾಳೆ ಅವರು ಆ ಮಾತು ಯಾರಾಡಿದ್ದು ಅಂತ ಕೇಳುವಾಗ, ದಯವಿಟ್ಟು ನನ್ನ ಮುಖ ನೋಡಬೇಡ ಅಪ್ಪ. ನೀನು ನೋಡಿದರೆ "ನಾನೇ" ಅಂದುಬಿಡುತ್ತೇನೆ.

ನಿನಗೆ ಒಳ್ಳೆಯದಾಗಲಿ ಅಂತ ಈಗಲೂ ಬೇಡಿಕೊಳ್ಳುತ್ತಿರುವ,
ನಿನ್ನ ಮಗ