ಕೈ ಒಳಗಿರುವಷ್ಟು ಹೊತ್ತು

ಮನೆ, ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ದಡಬಡಾ,

ನಲವತ್ತು ದಾಟಿದವನನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ತಟ್ಟೆ, ಕದ, ನನ್ನ ಬೆನ್ನು ಯಾವುದನ್ನೂ ಬಡಿಯದೆ ಬಿಡದವನಿಗೆ ಅಮ್ಮ ಇಟ್ಟ ಹೆಸರು ಅದು. ಅವಳು ಹೋಗಿ ಒಂಬತ್ತು ವರ್ಷವಾದರೂ ಬದಲಾಯಿಸುವ ಅಧಿಕಾರ ನನಗಿಲ್ಲ. ಎಡ ಮಣಿಕಟ್ಟಿನ ನೋವು ಹೇಗಿದೆ? ಬಿಸಿನೀರಿನ ಶಾಖ ಕೊಡು ಎಂದಿದ್ದೆ. ‘ಆಯ್ತಕ್ಕಾ’ ಎಂದು ಮರೆತಿರುತ್ತೀಯ. ಅಪ್ಪ ಚೆನ್ನಾಗಿದ್ದಾರೆ. ಬಲಗಿವಿ ಮಂದವಾಗಿದೆ, ಅದೂ ತಮಗೆ ಬೇಡದ ಮಾತಿಗೆ ಮಾತ್ರ ಎಂಬುದು ನನ್ನ ಗುಮಾನಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮುನಿಸಿಕೊಂಡು ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನೀನು ಒಬ್ಬನೇ ಮಾಡಿದ ಆಲ್ಬಮ್ ಮೂರು ಸಲ ಕೇಳಿದೆ. ಮೊದಲನೆಯ ಜಾಜ್‌ನಲ್ಲಿ ಡ್ರಮ್ ಮೇಲೆ ಕುಂಚ ಆಡಿಸಿದ್ದೀಯಲ್ಲ, ಯಾರೋ ನಮ್ಮ ನಿದ್ದೆ ಕೆಡಿಸದಂತೆ ಪಕ್ಕದ ಕೋಣೆ ಗುಡಿಸಿದ ಹಾಗಿತ್ತು. ನಡುವೆ ಬರುವ ಎಲೆಕ್ಟ್ರಾನಿಕ್ ಗುಂಯ್ ಸದ್ದು ಕೇಳಿ, ಫ್ರಿಜ್ ಕೆಟ್ಟಿತೆಂದು ಎದ್ದು ಹೋಗಿ ನೋಡಿಬಂದೆ. ಎರಡನೆಯದರ ಗ್ರೂವ್‌ಗೆ, ಆ ತೂಗುವ ಲಯಕ್ಕೆ, ಪಾತ್ರೆ ತೊಳೆಯುತ್ತಿದ್ದವಳ ಸೊಂಟ ತಾನೇ ಆಡಿತು. ನಿನ್ನ ಭಾವ ಬಾಗಿಲಲ್ಲಿ ನಿಂತು ನಕ್ಕರು. ನೀನು ಉತ್ತರಕ್ಕೆ ಕಾಯುತ್ತಿರುವುದು ಮೂರನೆಯದರ ಬಗ್ಗೆ ಎಂದು ಗೊತ್ತು. ನಮ್ಮ ಅಚ್ಚಿನ ಮನೆಯ ಕಾಲ್ತುಳಿ ಯಂತ್ರದ ಸದ್ದನ್ನು, ಆರು ವರ್ಷದವನಿದ್ದಾಗ ನೀನೇ ಕ್ಯಾಸೆಟ್ಟಿಗೆ ಹಿಡಿದದ್ದನ್ನು, ಅದರ ತಳಕ್ಕೆ ಇಟ್ಟಿದ್ದೀಯ. ಅಪ್ಪ ಒಪ್ಪದಿದ್ದರೆ ತಿಂಗಳ ಕೊನೆಗೆ ಅದನ್ನು ಕೈಬಿಟ್ಟು ಉಳಿದವನ್ನಷ್ಟೇ ಬಿಡುಗಡೆಗೆ ಕಳಿಸುತ್ತೇನೆ ಎಂದು ನೀನೇ ಹೇಳಿದ್ದೆ. ಹನ್ನೊಂದು ವರ್ಷದ ಬ್ಯಾಂಡನ್ನು ನೀನು ಬಿಟ್ಟ ದಿನ ಅಪ್ಪ ‘ಒಬ್ನೇ ಬಾರಿಸ್ತೀಯಲ್ಲ, ಯಾರ ಕೈಗೆ ಕಾಯ್ತೀಯ?’ ಎಂದದ್ದು ನಿನಗೆ ಇನ್ನೂ ಚುಚ್ಚುತ್ತಿದೆ. ಎರಡು ವರ್ಷದಿಂದ ನಿಮ್ಮಿಬ್ಬರ ಮಾತಿಗೆ ನಾನೇ ಅಂಚೆಯವಳು.

ನಿನ್ನೆ ಸಂಜೆ ಅಪ್ಪನ ಎಡಗಿವಿಯ ಕಡೆ ಸ್ಪೀಕರ್ ಇಟ್ಟು ಮೂರನೆಯದನ್ನು ಹಾಕಿದೆ. ಯಂತ್ರದ ಸದ್ದು ಬಂದೊಡನೆ ಅವರ ಕಾಲು ನೆಲವನ್ನು ತುಳಿಯತೊಡಗಿತು. ನನಗೆ ಖುಷಿ, ಮನಸ್ಸಿನಲ್ಲೇ ನಿನಗೆ ಒಪ್ಪಿಗೆ ಬರೆದೂ ಬಿಟ್ಟೆ. ಅಷ್ಟರಲ್ಲಿ ಅವರು ಬಲಗೈಯನ್ನು ಗಾಳಿಯಲ್ಲಿ ಅಡ್ಡ ಚಾಚಿ ‘ನಿಲ್ಸು, ನಿಲ್ಸು, ಕೈ ಒಳಗಿದೆ’ ಎಂದರು. ಮುಖ ಬಿಳಿಚಿತ್ತು. ನಾನು ಆರಿಸಿದೆ. ಚಾಚಿದ ಕೈಯನ್ನು ಇಳಿಸುತ್ತ ‘ಇವ್ನು ಎಲ್ಲೂ ತಡೀಲಿಲ್ವಲ್ಲೇ’ ಎಂದರು.

ಆಗ ನೆನಪಾಯಿತು, ಕಣೋ. ಅಪ್ಪ ತುಳಿಯುವುದು, ಅಮ್ಮ ಎದುರು ನಿಂತು, ಯಂತ್ರ ಬಾಯಿ ಮುಚ್ಚುವ ಮೊದಲು, ಒಂದೊಂದೇ ಹಾಳೆ ಒಳಗಿಡುವುದು. ಅವಳ ತೋರುಬೆರಳು ಮಡಚುತ್ತಿರಲಿಲ್ಲ. ಹುಟ್ಟಿನಿಂದ ಹಾಗೇ ಎಂದು ನಿನಗೆ ಹೇಳಿದ್ದಳು. ಅಲ್ಲ, ನೀನು ಹುಟ್ಟುವ ಹಿಂದಿನ ವರ್ಷ ಅದೇ ಯಂತ್ರಕ್ಕೆ ಸಿಕ್ಕಿ ಜಜ್ಜಿತ್ತು. ಆಮೇಲೆ ಕೆಲವು ಹಾಳೆ ಬೆರಳಿನಿಂದ ಬೇಗ ಬಿಡುತ್ತಿರಲಿಲ್ಲ. ಅವಳು ತಡವಾದಾಗಲೆಲ್ಲ ಅಪ್ಪ ಗಾಲಿಯ ಮೇಲೆ ಅಂಗೈ ಒತ್ತಿ ಅರೆಗಳಿಗೆ ತಡೆಯುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಅಲ್ಲಲ್ಲಿ ಎಡವಿದಂತೆ ಕೇಳುವುದು ಅದೇ. ಟೇಪ್ ಸವೆದಿದೆ ಎಂದುಕೊಂಡು ನೀನು ಕಂಪ್ಯೂಟರಿನಲ್ಲಿ ಎಲ್ಲ ತಡೆಗಳನ್ನೂ ತುಂಬಿಸಿ, ಅಳೆದಂತೆ ಸಮ ಮಾಡಿದ್ದೀಯ. ತಪ್ಪು ನಿನ್ನದಲ್ಲ, ಹೇಳದೆ ಇದ್ದವರು ನಾವು. ಅಷ್ಟು ಕವಿತೆ ಓದಿ, ಸಾಲು ಎಲ್ಲಿ ಉಸಿರು ಹಿಡಿಯುತ್ತದೆಂದು ತರಗತಿಯಲ್ಲಿ ಕೊರೆಯುವ ನನಗೇ ಮೂರು ಸಲ ಕೇಳಿದರೂ ಹೊಳೆಯಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಮಣಿಕಟ್ಟನ್ನು ಉದಾಸೀನ ಮಾಡಬೇಡ. ನಿನ್ನ ಭಾವ ನಿನ್ನನ್ನು ಕೇಳಿದರು. ನಿನ್ನ ಕೈಗೆ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ಮತ್ತೊಂದು ವಿಷಯ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ನೀನು ನಕಲು ಮಾಡಿಕೊಂಡು ಇಲ್ಲೇ ಬಿಟ್ಟುಹೋದ ಹಳೆಯ ಕ್ಯಾಸೆಟ್ ಹುಡುಕಿ ತಂದು ಹಾಕಿಸಿದರು. ಒಂದು ಬದಿ ಪೂರ್ತಿ ಕೇಳಿದರು. ಒಂದೊಂದು ತಡೆ ಬರುವ ಮೊದಲೇ ಅವರ ಅಂಗೈ ಮುಂದೆ ಹೋಗುತ್ತಿತ್ತು, ಒಂದೂ ತಪ್ಪಲಿಲ್ಲ. ಮೂರನೆಯದನ್ನು ತೆಗೆಯಬೇಡ, ಸಮ ಮಾಡಿದ್ದನ್ನು ತೆಗೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: ‘ಒಬ್ನೇ ಬಾರಿಸ್ಲಿ, ಬೇಡ ಅಂದೋರ್ಯಾರು. ಅವಳು ಕೈ ತೆಗ್ಯೋವರ್ಗೂ ಕಾಯ್ಲಿ, ಅಷ್ಟೇ.’