ಖಾಲಿ ಫೋಲ್ಡರಿನ ಟೆಸ್ಟ್

ಬಳ್ಳಾರಿ, ನವೆಂಬರ್ ೧೨, ಬುಧವಾರ

ವೆಬ್ ಆಪ್‌ನ ಫೈಲುಗಳನ್ನು ತಾನೇ ಬರೆದುಕೊಡುವ ನಮ್ಮ ಕೋಡ್ ಜನರೇಟರ್ ಇಂದು ಅದನ್ನು ಬಳಸುವ ನೀಲಾವತಿಯ ಒಂದು ವಾರದ ಕೆಲಸವನ್ನು ನುಂಗಿತು. ಹೊಸ ಪುಟವೊಂದನ್ನು ಸೇರಿಸಲು ಅದನ್ನು ಮತ್ತೆ ಓಡಿಸಿದ್ದಾಳೆ. ಅವಳು ಕೈಯಾರೆ ಬರೆದಿದ್ದ ಫೈಲಿನ ಮೇಲೆಯೇ ಅದು ತನ್ನ ಕೋಡ್ ಬರೆದುಬಿಟ್ಟಿದೆ. ಬೇರೆ ಪ್ರತಿ ಇಲ್ಲ.

ಸಿರುಗುಪ್ಪದಿಂದ ಫೋನ್ ಮಾಡಿದವಳು ಬೈಯಲಿಲ್ಲ. "ಅಕ್ಕಾ, ಟೆಸ್ಟೆಲ್ಲಾ ಪಾಸ್ ಆಗ್ಯಾವ ಅಂದಿದ್ರಲ್ಲ, ನಂಬಿ ಓಡಿಸಿದ್ನಿರಿ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಪಾಸ್ ಆಗಿದ್ದು ನಿಜವೇ. ಜನರೇಟರ್ ಸರಿಯಾಗಿದೆಯೇ ಎಂದು ನೋಡಲು ನಾನು ಬರೆದ ಪ್ರತಿ ಟೆಸ್ಟೂ ಮೊದಲು ಫೋಲ್ಡರನ್ನು ಖಾಲಿ ಮಾಡಿಕೊಂಡೇ ಶುರುವಾಗುತ್ತದೆ. ಖಾಲಿ ಫೋಲ್ಡರಿನಲ್ಲಿ ಹಾಳಾಗಲು ಏನಿರುತ್ತದೆ? ಆದರೆ ಖಾಲಿ ಫೋಲ್ಡರಿನಲ್ಲಿ ಯಾರು ಕೆಲಸ ಮಾಡುತ್ತಾರೆ?

ಈಗಷ್ಟೇ ಹೊಸ ಟೆಸ್ಟ್ ಬರೆದೆ. ಒಂದು ಫೈಲಿನಲ್ಲಿ 'ನೀಲಾವತಿ' ಎಂದಷ್ಟೇ ಬರೆದು, ಫೋಲ್ಡರಿನಲ್ಲಿಟ್ಟು, ಜನರೇಟರ್ ಓಡಿಸಿದೆ. ತೆರೆದು ನೋಡಿದರೆ ಫೈಲಿನಲ್ಲಿ ಜನರೇಟರಿನ ಕೋಡ್ ಇತ್ತು, ಅವಳ ಹೆಸರಿರಲಿಲ್ಲ.