ಲಿವರಿಗೆ ಸಿಕ್ಕಿದ ಸೇವಂತಿಗೆ

ನೈರೋಬಿ, ವಿಜಯದಶಮಿ, 2014

ಅಕ್ಕಾ,

ನೀನು ಫೋನಿನಲ್ಲಿ ಹೇಳಿದ ಹಾಗೆಯೇ ಕುಮುದಾ ನಿನ್ನೆ ಆಯುಧಪೂಜೆಗೆ ನನ್ನ ರೈಫಲ್ಲಿಗೂ ಸೇವಂತಿಗೆ ಏರಿಸಿದಳು. ರಿವಾಲ್ವರಿನ ಗುಂಡನ್ನೇ ಹಾಕುವ ರೈಫಲ್ಲು ಇದು. ಕೆಳಗಿನ ಲಿವರನ್ನು ಎಳೆದು ಮುಚ್ಚಿದರೆ ಗುಂಡು ನಳಿಗೆಗೆ ಏರುತ್ತದೆ. ಇಂದು ಶೂಟಿಂಗ್ ರೇಂಜಿನಲ್ಲಿ ಆ ಲಿವರ್ ಅರ್ಧಕ್ಕೇ ಕಚ್ಚಿಕೊಂಡಿತು. ಒಳಗೆ ಸಿಡಿಯದ ಗುಂಡು, ಪಕ್ಕದಲ್ಲಿ ಕುಮುದಾ. ನಳಿಗೆಯನ್ನು ಮಣ್ಣಿನ ದಿಬ್ಬದತ್ತಲೇ ಹಿಡಿದು, ಅವಳ ಹೇರ್‌ಪಿನ್ನಿನಿಂದ ಮೀಟಿದೆ. ಮೊದಲು ಹಳದಿ ಎಸಳೊಂದು ಬಂತು, ಹಿಂದೆಯೇ ಗುಂಡೂ ಬಂತು. ಆಮೇಲೆಯೇ ಉಸಿರಾಡಿದೆ.

"ಪೂಜೆ ಹೂವು ರೀ, ಕಾಲಡಿಗೆ ಬೀಳಿಸ್ಬೇಡಿ" ಎಂದು ಕುಮುದಾ ಆ ಎಸಳನ್ನು ಕಣ್ಣಿಗೊತ್ತಿಕೊಂಡು ಮುಡಿದಳು.

ಇಬ್ಬರೂ ಕ್ಷೇಮ. ಈ ಗುಂಡಿನ ಒದೆತ ಕಡಿಮೆ, ಭುಜ ನೋಯುವುದಿಲ್ಲ. ಮುಂದಿನ ವರ್ಷ ಹೂವು ಕಾರಿಗೆ ಮಾತ್ರ.

ನಿನ್ನ ತಮ್ಮ
ಸೀನು